ಮೊಣಕಾಲು ನೆನೆಯದ ಭಾವ

ನನ್ನ ಭಾವನನ್ನು ಮೂರು ಸಭೆಗಳವರು ಪಾಷಂಡಿ ಎಂದು ಹೊರಗೆ ಹಾಕಿದ್ದಾರೆ ಎಂದು ನಮ್ಮ ಕಡೆ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಅದು ಸುಳ್ಳು. ಮೂರು ಅಲ್ಲ, ನಾಲ್ಕು. ನಾಲ್ಕನೆಯದು ಭಾವ ತಮ್ಮ ಮನೆಯ ಜಗಲಿಯಲ್ಲಿ ತಾವೇ ಸ್ಥಾಪಿಸಿದ ಸಭೆ. ತಾನು ಹುಟ್ಟಿಸಿದ ಸಭೆಯಿಂದ, ತನ್ನದೇ ಜಗಲಿಯಿಂದ, ಬಹುಮತದ ತೀರ್ಮಾನದ ಪ್ರಕಾರ ಎದ್ದು ಹೋದ ಇನ್ನೊಬ್ಬ ಮನುಷ್ಯನನ್ನು ಬಂಟ್ವಾಳ ತಾಲೂಕಿನಲ್ಲಿ ಯಾರಾದರೂ ತೋರಿಸಿಕೊಟ್ಟರೆ ಅವರ ಮನೆಗೆ ನಾನು ಪುಕ್ಕಟೆ ಪಾಯ ಹಾಕಿಕೊಡುತ್ತೇನೆ!

ಪಾಷಂಡಿ ಎಂದರೆ ಧರ್ಮದ ಒಳಗೇ ಕೂತು ಧರ್ಮಕ್ಕೆ ವಿರುದ್ಧವಾದುದನ್ನು ಕಲಿಸುವವನು. ಈ ಶಬ್ದ ನನಗೆ ಶಾಲೆಯಲ್ಲಿ ಸಿಕ್ಕಿದ್ದಲ್ಲ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟು ಕಲ್ಲು ಹೊರಲು ಹೋದವನು. ಇಂಥ ದೊಡ್ಡ ಶಬ್ದಗಳೆಲ್ಲ ನನಗೆ ಭಾವನ ದೆಸೆಯಿಂದ ಬಂದ ಆಸ್ತಿ.

ನಾವು ಮನೆಯಲ್ಲಿ ಕೊಂಕಣಿ ಮಾತಾಡುವ ಕಥೋಲಿಕರು. ನನ್ನ ಮನೆ ಮಡಂತ್ಯಾರಿನಿಂದ ಸ್ವಲ್ಪ ಒಳಗೆ. ನಾನು ಕೆಂಪುಕಲ್ಲಿನ ಮೇಸ್ತ್ರಿ. ವಿಟ್ಲದಿಂದ ಉಜಿರೆಯವರೆಗೆ ನಾನು ಕಟ್ಟಿದ ಗೋಡೆಗಳಿವೆ. ಒಂದರಲ್ಲಾದರೂ ಬಿರುಕು ತೋರಿಸಿ, ನೋಡುವ. ಮದುವೆಯಾಗಲಿಲ್ಲ. ಊರಿನವರ ಮನೆ ಕಟ್ಟುವ ಗಡಿಬಿಡಿಯಲ್ಲಿ ಅದೊಂದು ಮರೆತುಹೋಯಿತು ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಕೇಳುವವರು ಈಗ ಕಡಿಮೆಯಾಗಿದ್ದಾರೆ. ನನಗೆ ಇದ್ದವಳು ಒಬ್ಬಳೇ ಅಕ್ಕ. ಅವಳನ್ನು ಬಂಟ್ವಾಳದ ಒಬ್ಬ ಟೈಲರಿಗೆ ಕೊಟ್ಟರು. ಆ ಟೈಲರೇ ಈ ಭಾವ. ಆರಡಿಗಿಂತ ಹೆಚ್ಚು ಎತ್ತರ, ಒಣಕಲು ಮೈ, ಕೊರಳಲ್ಲಿ ಹಗಲಿಡೀ ಅಳತೆಯ ಟೇಪು. ಅವರಿಗೆ ಮಕ್ಕಳಾಗಲಿಲ್ಲ. ಬೇರೆ ಟೈಲರುಗಳು ಹೊಲಿದ ಅಂಗಿ ಕೈಗೆ ಸಿಕ್ಕಿದರೆ ಅದನ್ನು ಒಳಮೈ ಮಾಡಿ, ಹೊಲಿಗೆ ಹೊಲಿಗೆಯನ್ನೂ ಬೆರಳಿನಲ್ಲಿ ಎಳೆದು, ತಪ್ಪು ಸಿಕ್ಕಿದ ಕೂಡಲೇ ಮುಖ ಅರಳಿಸುವುದು ಅವರ ಅಭ್ಯಾಸ. ನಲವತ್ತರ ಮೇಲೆ ಅವರು ಬೈಬಲ್ ಓದಲು ಶುರು ಮಾಡಿದರು. ಅಲ್ಲಿಯವರೆಗೆ ಅಂಗಿಗಳಿಗೆ ಮಾಡುತ್ತಿದ್ದುದನ್ನು ಅಲ್ಲಿಂದ ಮುಂದೆ ಧರ್ಮಗುರುಗಳಿಗೆ ಮಾಡತೊಡಗಿದರು.

ಮೊದಲ ಗಲಾಟೆ ಅವರ ಊರಿನ ಚರ್ಚಿನ, ನಮ್ಮ ಮಾತಿನಲ್ಲಿ ಇಗರ್ಜಿಯ, ಸಭಾಭವನದ ಶ್ರಮದಾನದಲ್ಲಿ. ಊರವರೆಲ್ಲ ಸಾಲಾಗಿ ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸುತ್ತಿದ್ದರು. ಮೇಸ್ತ್ರಿ ಎಂದು ನನ್ನನ್ನೂ ಕರೆಸಿದ್ದರು. ಭಾವ ಮಾತ್ರ ಹಲಸಿನ ಮರದ ನೆರಳಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ನಮ್ಮಲ್ಲಿ ಇಪ್ಪತ್ತು ಮೂವತ್ತು ಮನೆಗಳಿಗೆ ಒಬ್ಬ ಗುರಿಕಾರ ಇರುತ್ತಾರೆ, ಇಗರ್ಜಿಯ ಕೆಲಸಗಳಿಗೆ ಜನ ಸೇರಿಸುವವರು. ಅವರು ಬಂದು ಕೇಳಿದರು:

“ಏನು ಟೈಲರೇ, ಕಲ್ಲು ಹಿಡಿಯುವುದಿಲ್ಲವಾ?”

“ಇಲ್ಲ. ಮನುಷ್ಯನಿಗೆ ರಕ್ಷಣೆ ನಂಬಿಕೆಯಿಂದ ಸಿಗ್ತದೆ, ಕ್ರಿಯೆಗಳಿಂದ ಅಲ್ಲ. ನೀವು ಕಲ್ಲು ಹೊತ್ತು ಸ್ವರ್ಗಕ್ಕೆ ಹೋಗ್ತೇವೆ ಅಂತ ಎಣಿಸಿದ್ದೀರಿ.”

“ಸ್ವರ್ಗಕ್ಕೆ ಅಲ್ಲ ಮಾರಾಯ್ರೆ. ಮಳೆ ಬರುವ ಮೊದಲು ಪಾಯ ಮುಗಿಯಲಿ ಅಂತ.”

ಮಧ್ಯಾಹ್ನ ಊಟಕ್ಕೆ ಕರೆದಾಗ ಸಾಲಿನ ಮೊದಲಿಗೆ ಯಾರು ನಿಂತಿದ್ದರು ಎಂದು ಬೇರೆ ಹೇಳಬೇಕೇ? ಗುರಿಕಾರರು ನಗುತ್ತಾ, “ಈಗ ಕ್ರಿಯೆ ನೆನಪಾಯಿತಾ?” ಎಂದರು.

“ಊಟ ಕೃಪೆ,” ಎಂದರು ಭಾವ. “ಕೃಪೆ ಅಂದರೆ ಕೆಲಸಕ್ಕೆ ಸಿಗುವ ಕೂಲಿ ಅಲ್ಲ. ಸುಮ್ಮನೆ ಸಿಗುವುದು.”

ಬಡಿಸುತ್ತಿದ್ದವಳು ನನ್ನ ಅಕ್ಕ. ಅವಳು ಗಂಡನ ಬಟ್ಟಲಿಗೆ ಗಂಜಿಯನ್ನೂ ಒಣಮೀನಿನ ಚಟ್ನಿಯನ್ನೂ ಹಾಕಿ, “ಸುಮ್ಮನೆ ಸಿಕ್ಕಿದ್ದನ್ನು ಸುಮ್ಮನೆ ತಿನ್ನಿ. ಬಟ್ಟಲು ತೊಳೆಯುವುದು ಮಾತ್ರ ಕ್ರಿಯೆ, ಅದರಿಂದ ರಕ್ಷಣೆ ಸಿಗ್ಲಿಕ್ಕಿಲ್ಲ. ಆದರೂ ತೊಳೆಯಿರಿ,” ಎಂದಳು. ಭಾವ ಸ್ವಲ್ಪ ಹೊತ್ತು ಆಲೋಚಿಸಿದರು. ಆ ವಾದದಲ್ಲಿ ತಪ್ಪು ಸಿಗಲಿಲ್ಲ. ಎದ್ದು ಹೋಗಿ ತಮ್ಮದನ್ನೂ, ಪಕ್ಕದ ನಾಲ್ಕು ಜನರದ್ದನ್ನೂ ತೊಳೆದಿಟ್ಟರು. ಜಗತ್ತಿನಲ್ಲಿ ಭಾವನನ್ನು ವಾದದಲ್ಲಿ ಸೋಲಿಸಿದ್ದು ಅವಳೊಬ್ಬಳೇ. ಅದೂ ಅಡುಗೆ ಮಾಡುತ್ತಾ, ಗುಡಿಸುತ್ತಾ, ಬೇರೆ ಏನೋ ಕೆಲಸದ ನಡುವೆ.

ಆಮೇಲೆ ಭಾವ ಭಾನುವಾರದ ಪೂಜೆಯಲ್ಲಿ ಫಾದರ್ ಪ್ರಸಂಗ ಮಾಡುವಾಗ ಎದ್ದು ನಿಂತು ಕೇಳತೊಡಗಿದರು. “ಫಾದರ್, ಈಗ ಹೇಳಿದ್ದು ಬೈಬಲಿನಲ್ಲಿ ಎಲ್ಲಿ ಉಂಟು?” ಫಾದರ್ ಒಳ್ಳೆಯವರು. “ಪೂಜೆ ಮುಗಿದ ಮೇಲೆ ಮಾತಾಡುವ,” ಎಂದರು. ಪೂಜೆ ಮುಗಿದ ಮೇಲೆ ಮಾತಾಡಿದರು. ಮುಂದಿನ ಭಾನುವಾರವೂ ಮಾತಾಡಿದರು. ಆರನೆಯ ಭಾನುವಾರ ಅವರ ತಾಳ್ಮೆ ಮುಗಿದು, “ನೀವು ಹೇಳುವುದು ಶುದ್ಧ ಪಾಷಂಡವಾದ. ಹೀಗೇ ಆದರೆ ಇಲ್ಲಿಗೆ ಬರಬೇಡಿ,” ಎಂದುಬಿಟ್ಟರು. ಆ ದಿನ ನಾನು ಅವರ ಮನೆಯಲ್ಲಿದ್ದೆ. ಭಾವ ಬಹುಮಾನ ಬಂದವರ ಹಾಗೆ ಅಂಗಳ ದಾಟಿ ಬಂದರು.

“ಇವತ್ತು ಫಾದರ್ ನನ್ನನ್ನು ಪಾಷಂಡಿ ಅಂದರು.”

“ಹೌದಾ,” ಎಂದಳು ಅಕ್ಕ. “ಕಾಲು ತೊಳೆದು ಬನ್ನಿ, ಚಹಾ ಆರ್ತದೆ.”

ಹಾಗೆ ಭಾವ ಇಗರ್ಜಿ ಬಿಟ್ಟು ಬೆಳ್ತಂಗಡಿಯ ಒಂದು ಸಭೆಗೆ ಸೇರಿದರು. ಪೇಟೆಯಿಂದ ಆಚೆ, ಶೀಟು ಹಾಕಿದ ಹಳೆಯ ಗೋದಾಮಿನಲ್ಲಿ ಪಾಸ್ಟರ್ ಒಬ್ಬರು ನಡೆಸುತ್ತಿದ್ದ ಸಭೆ. ಅಲ್ಲಿ ಮೇಣದ ಬತ್ತಿ ಇಲ್ಲ, ಪ್ರತಿಮೆ ಇಲ್ಲ, ಜಪಸರ ಇಲ್ಲ. ಚಪ್ಪಾಳೆ ಉಂಟು. ಅವರ ಬೋಧನೆಯಲ್ಲಿ ಎರಡು ವಿಷಯ ಮುಖ್ಯ. ಒಂದು, ರಕ್ಷಣೆ ಹೊಂದಿದವನು ಪರಿಶುದ್ಧವಾಗಿ ಜೀವಿಸಬೇಕು. ಎರಡು, ಹಸುಗೂಸಿನ ತಲೆಗೆ ಮೂರು ಸಲ ನೀರು ಹೊಯ್ಯುವುದು ದೀಕ್ಷಾಸ್ನಾನವೇ ಅಲ್ಲ. ಬುದ್ಧಿ ಬಂದ ಮೇಲೆ, ತಾನಾಗಿ ಒಪ್ಪಿ, ನೀರಿನಲ್ಲಿ ಪೂರ್ತಿ ಮುಳುಗಬೇಕು. ಮುಳುಗದವನಿಗೆ ಸ್ವರ್ಗವಿಲ್ಲ.

ಪರಿಶುದ್ಧ ಜೀವಿತ ಮೊದಲು ಶುರುವಾದದ್ದು ಟೈಲರ್ ಅಂಗಡಿಯಲ್ಲಿ. ರವಿಕೆಯ ತೋಳು ಮೊಣಕೈ ದಾಟದಿದ್ದರೆ ಹೊಲಿಯುವುದಿಲ್ಲ ಎಂದು ಭಾವ ಬೋರ್ಡು ಹಾಕಿದರು. ಒಂದು ಮದುಮಗಳಿಗೆ ಅವರು ಹೊಲಿದ ರವಿಕೆಯ ಕುತ್ತಿಗೆ ಎಷ್ಟು ಮೇಲೆ ಹೋಯಿತೆಂದರೆ, ಅವಳಿಗೆ ಸರ ಎಲ್ಲಿ ಹಾಕುವುದು ಎಂದು ತಿಳಿಯದೆ ಮನೆಯವರು ಅಂಗಡಿಗೆ ಬಂದರು. “ಸರ ಹಾಕಬೇಡಿ, ಒಡವೆ ಹೇಗೂ ಪಾಪ,” ಎಂದರು ಭಾವ, ಎರಡು ಕೆಲಸ ಒಂದೇ ಸಲಕ್ಕೆ ಆದ ಸಂತೋಷದಲ್ಲಿ. ಗಿರಾಕಿಗಳು ಹೋದರು. ಕೊನೆಗೆ ಉಳಿದದ್ದು ಬುರ್ಖಾ ಹೊಲಿಸುವ ಬ್ಯಾರಿ ಹೆಂಗಸರು ಮಾತ್ರ. “ನಮ್ಮ ಟೈಲರ್ ಭಾರಿ ಮರ್ಯಾದೆಯ ಜನ,” ಎಂದು ಅವರು ಇನ್ನೂ ನಾಲ್ಕು ಜನರನ್ನು ಕರೆದುಕೊಂಡು ಬಂದು ಅಂಗಡಿಯನ್ನು ಉಳಿಸಿದರು.

ಅಕ್ಕನ ಕೊರಳಿನ ಕರಿಮಣಿಯನ್ನೂ ತೆಗೆಯಬೇಕು ಎಂದು ಭಾವ ಹೇಳಿದಾಗ ಅವಳು ಒಲೆಯ ಮುಂದಿನಿಂದ ಎದ್ದೇಳದೆ, “ಇದನ್ನು ನೀವು ಕಟ್ಟುವಾಗ ನಾನೂರು ಜನ ನೋಡಿದ್ದಾರೆ. ತೆಗೆಯುವಾಗ ಅಷ್ಟೇ ಜನರನ್ನು ಸೇರಿಸಿ, ಊಟ ಹಾಕಿ, ಮತ್ತೆ ತೆಗೆಯಿರಿ,” ಎಂದಳು. ವಿಷಯ ಅಲ್ಲಿಗೆ ನಿಂತಿತು.

ಇನ್ನು ಮುಳುಗುವ ಸಂಗತಿ. ಆ ಸಭೆಯವರು ಮೊದಲು ಹೊಳೆಯಲ್ಲಿ ಮುಳುಗಿಸುತ್ತಿದ್ದರು. ಆದರೆ ಭಾವ ಸೇರಿದ್ದು ಬೇಸಿಗೆಯಲ್ಲಿ. ಹೊಳೆಯಲ್ಲಿ ಕಲ್ಲು ಮುಳುಗುವಷ್ಟೂ ನೀರಿಲ್ಲ, ಮನುಷ್ಯ ಎಲ್ಲಿಂದ ಮುಳುಗುವುದು? ಆದ್ದರಿಂದ ಗೋದಾಮಿನ ಹಿಂದೆ ಒಂದು ತೊಟ್ಟಿ ಕಟ್ಟಿಸುವುದು ಎಂದಾಯಿತು. ಮೇಸ್ತ್ರಿ ಯಾರು? ಭಾವ ನನ್ನ ಹೆಸರು ಹೇಳಿದರು.

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕು. ಪಾಸ್ಟರ್ ನನಗೆ, “ಒಬ್ಬ ಮನುಷ್ಯ ನಿಂತುಕೊಂಡು ಹಿಂದಕ್ಕೆ ಮಲಗಿದರೆ ಪೂರ್ತಿ ಮುಳುಗಬೇಕು,” ಎಂದಿದ್ದರು. ಭಾವ ಕೊರಳಿನಿಂದ ಟೇಪು ತೆಗೆದು, “ತಗೋ, ಸರಿಯಾಗಿ ಅಳೆ,” ಎಂದರು. ಬಟ್ಟೆ ಅಳೆಯುವ ಟೇಪಿನಲ್ಲಿ ಮೇಸ್ತ್ರಿ ತೊಟ್ಟಿ ಅಳೆಯುವುದೇ? ನನಗೆ ಸಿಟ್ಟು ಬಂತು. ಮೂವತ್ತು ವರ್ಷದಿಂದ ನನ್ನ ಮೊಳವೇ ನನಗೆ ಅಳತೆ. “ಟೇಪು ನಿಮ್ಮ ಅಂಗಡಿಯಲ್ಲಿ ಇರಲಿ ಭಾವ,” ಎಂದು ನೆಲದ ಮೇಲೆ ನಾನೇ ಅಂಗಾತ ಮಲಗಿ, ತಲೆಯ ಹತ್ತಿರ ಒಂದು ಗೆರೆ, ಕಾಲಿನ ಹತ್ತಿರ ಒಂದು ಗೆರೆ ಎಳೆದು ಕೆಲಸ ಶುರು ಮಾಡಿದೆ. ಒಂದು ಹನಿ ಸೋರದ ತೊಟ್ಟಿ. ಮೂಲೆಗಳನ್ನು ನೋಡಿದವರು ಮುಟ್ಟಿ ನೋಡದೆ ಹೋಗುತ್ತಿರಲಿಲ್ಲ. ಒಂದೇ ಕೊರತೆ. ನನ್ನ ಎತ್ತರ ಐದಡಿ ಒಂದು ಅಂಗುಲ.

ಭಾವನ ದೀಕ್ಷಾಸ್ನಾನದ ದಿನ ಅಕ್ಕನೂ ಬಂದಿದ್ದಳು. ಸಭೆಯ ಒಳಗೆ ಬರಲಿಲ್ಲ. ಒಣ ಬಟ್ಟೆ, ಟವೆಲು ಹಿಡಿದುಕೊಂಡು ತೆಂಗಿನ ಮರದ ಬುಡದಲ್ಲಿ ನಿಂತಿದ್ದಳು. ಪಾಸ್ಟರ್ ಪ್ರಾರ್ಥನೆ ಮಾಡಿ, ಭಾವನ ಎದೆಗೆ ಒಂದು ಕೈ, ಬೆನ್ನಿಗೆ ಒಂದು ಕೈ ಕೊಟ್ಟು ಹಿಂದಕ್ಕೆ ಮಲಗಿಸಿದರು. ಭಾವನ ತಲೆ ಹಿಂದಿನ ಗೋಡೆಗೆ ತಾಗಿತು. ತಲೆ ಮುಳುಗಬೇಕಾದರೆ ಕಾಲು ಮಡಚಬೇಕು, ಕಾಲು ಮಡಚಿದರೆ ಮೊಣಕಾಲು ಮೇಲೆ. ಎಲ್ಲರೂ ಹಾಡುತ್ತಿದ್ದ ಹೊತ್ತಿಗೆ ನೀರಿನ ನಡುವಿನಿಂದ ಎರಡು ಮೊಣಕಾಲುಗಳು ಬಂಡೆಗಳ ಹಾಗೆ ಎದ್ದು ನಿಂತವು.

ಪಾಸ್ಟರ್, “ಆಮೆನ್,” ಎಂದರು. ಭಾವ ಬಾಯಿಯ ನೀರು ಉಗುಳಿ ಕೇಳಿದರು:

“ಮೊಣಕಾಲು?”

“ಪರವಾಗಿಲ್ಲ ಬ್ರದರ್.”

“ಪೂರ್ತಿ ಮುಳುಗಬೇಕು ಅಂತ ಹೇಳಿದವರು ನೀವೇ.”

ಎರಡನೆಯ ಸಲ ಬಲ ಮೊಣಕಾಲು ಒಳಗೆ ಹೋಯಿತು, ಎಡದ್ದೂ ಮೂಗೂ ಹೊರಗೆ ಉಳಿದವು. ಮೂರನೆಯ ಸಲ ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಿಸಿ ನೋಡಿದರು. ಪಾಸ್ಟರ್ ಬಲ ಮೊಣಕಾಲನ್ನು ಕೈಯಿಂದ ಒತ್ತಿ ಹಿಡಿದರು. ಎಡ ಮೊಣಕಾಲು ಯಾರ ಮಾತೂ ಕೇಳಲಿಲ್ಲ. ಅಷ್ಟರಲ್ಲಿ ಪಾಸ್ಟರಿಗೆ ಬೆನ್ನು ಹಿಡಿದುಕೊಂಡಿತು. “ಆಯಿತು, ದೇವರು ಸ್ವೀಕರಿಸಿದ್ದಾರೆ,” ಎಂದು ಹೇಳಿ ಮೇಲೆ ಬಂದರು. ತೆಂಗಿನ ಬುಡದಲ್ಲಿ ಅಕ್ಕ ಟವೆಲನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು.

“ನನ್ನನ್ನು ನೋಡಿ,” ಎಂದಳು ಗಂಡನಿಗೆ ತಲೆ ಒರಸುತ್ತಾ. “ಮೂರು ಚಮಚ ನೀರಲ್ಲಿ ನನ್ನದು ಪೂರ್ತಿ ಮುಗಿದಿತ್ತು. ಏನೂ ಹೊರಗೆ ಉಳಿಯಲಿಲ್ಲ.”

“ನೀನು ಒಮ್ಮೆ ಮುಳುಗು ಮಾರಾಯ್ತಿ. ನೀನು ಗಿಡ್ಡ, ನಿನಗೆ ಈ ತೊಟ್ಟಿ ಸಾಕು.”

“ನೋಡುವ,” ಎಂದಳು.

ಆ ‘ನೋಡುವ’ ಒಂದು ವರ್ಷ ನಡೆಯಿತು. ಭಾವ ಬೆಳಿಗ್ಗೆ ಕೇಳುತ್ತಿದ್ದರು, ಅವಳು ‘ನೋಡುವ’ ಎನ್ನುತ್ತಿದ್ದಳು. ಸಂಜೆ ಅವಳು ಗೋಡೆಗೆ ಮುಖ ಮಾಡಿ ಕೂತು ಜಪಸರ ಹೇಳುತ್ತಿದ್ದಳು, ಭಾವ ಪಕ್ಕದ ಕೋಣೆಯಲ್ಲಿ ಗಟ್ಟಿಯಾಗಿ ಬೈಬಲ್ ಓದುತ್ತಿದ್ದರು. ಎರಡೂ ಮುಗಿದ ಮೇಲೆ ಒಟ್ಟಿಗೆ ಕೂತು ಮೀನು ತಿನ್ನುತ್ತಿದ್ದರು. ನಗು ತಡೆಯದೆ ನಾನೊಮ್ಮೆ ಹೇಳಿದೆ, “ನಿಮ್ಮ ಮನೆಯಲ್ಲಿ ದೇವರಿಗೆ ಯಾವ ಕಿವಿಯಲ್ಲಿ ಕೇಳಬೇಕು ಅಂತ ಗೊತ್ತಾಗ್ಲಿಕ್ಕಿಲ್ಲ.” ಭಾವ ಸಿಟ್ಟಾದರು. ಅಕ್ಕ ಹೇಳಿದಳು, “ಇವರ ಪಾಲಿಗೆ ಎಡಗಿವಿ. ಬಲಗಿವಿ ನನ್ನದು.”

ಮುಂದಿನ ಮಳೆಗಾಲದಲ್ಲಿ ಅವಳು ಜ್ವರ ಎಂದು ಮಲಗಿದಳು. ಹದಿನೈದು ದಿನ. ಕೊನೆಯ ದಿನಗಳಲ್ಲಿ ಭಾವ ಹಾಸಿಗೆಯ ಪಕ್ಕ ಕೂತು, “ಒಂದು ಮಾತು ಹೇಳು, ಪಾಸ್ಟರನ್ನು ಕರೆಸ್ತೇನೆ,” ಎಂದು ಬೇಡುತ್ತಿದ್ದರು. “ನನಗೆ ಆಗಲೇ ಚಳಿ ಆಗ್ತದೆ,” ಎಂದಳು ಅವಳು. “ನೀರಿಗೆ ಇಳಿಸಬೇಡಿ.” ಆಮೇಲೆ ಫಾದರ್ ಬಂದು ಕೊನೆಯ ಸಂಸ್ಕಾರದ ಎಣ್ಣೆ ಹಚ್ಚಿ ಹೋದರು. ಭಾವ ತಡೆಯಲಿಲ್ಲ. ಕೋಣೆಯಿಂದ ಹೊರಗೆ ಬಂದು ಅಂಗಳದಲ್ಲಿ ಮಳೆಗೆ ನಿಂತರು.

ಅವಳನ್ನು ಮಣ್ಣು ಮಾಡಿದ ದಿನ ಎಲ್ಲರೂ ಪ್ರಾರ್ಥನೆಗೆ ಉತ್ತರ ಹೇಳುವಾಗ ಭಾವ ಮಾತ್ರ ತುಟಿ ಬಿಗಿದುಕೊಂಡು ನಿಂತಿದ್ದರು. ಸತ್ತವರಿಗಾಗಿ ಪ್ರಾರ್ಥಿಸುವುದು ತಪ್ಪು, ಬದುಕಿದ್ದಾಗ ತೀರ್ಮಾನವಾದದ್ದು ಆಮೇಲೆ ಬದಲಾಗುವುದಿಲ್ಲ ಎಂದು ಅವರ ಸಭೆಯ ಬೋಧನೆ. ನನಗೆ ಅದು ಗೊತ್ತಿತ್ತು. ಆದರೂ ಆ ಬಿಗಿದ ತುಟಿಯನ್ನು ನನಗೆ ಕ್ಷಮಿಸಲಾಗಲಿಲ್ಲ. ನಾಲ್ಕು ತಿಂಗಳು ನಾನು ಅವರ ಮನೆಯ ಮೆಟ್ಟಿಲು ಹತ್ತಲಿಲ್ಲ.

ಆ ನಾಲ್ಕು ತಿಂಗಳಿನಲ್ಲಿ ಏನಾಯಿತು ಎಂದು ಬೆಳ್ತಂಗಡಿಯಲ್ಲಿ ಕೆಲಸಕ್ಕೆ ಹೋದಾಗ ಆ ಸಭೆಯ ಒಬ್ಬರೇ ನನಗೆ ಹೇಳಿದರು. ಒಂದು ಭಾನುವಾರ ಪಾಸ್ಟರ್, ದೀಕ್ಷಾಸ್ನಾನವನ್ನು ನಾಳೆ ನಾಳೆ ಎಂದು ಮುಂದೆ ಹಾಕಿದವರ ಗತಿ ಏನಾಗುತ್ತದೆ ಎಂದು ಪ್ರಸಂಗ ಮಾಡಿದರಂತೆ. ಹೆಸರು ಹೇಳಲಿಲ್ಲ. ಎಲ್ಲರೂ ಭಾವನ ಕಡೆ ನೋಡಿದರು. ಭಾವ ಎದ್ದು ನಿಂತರು.

“ಪಾಸ್ಟರ್, ನನ್ನ ಎಡ ಮೊಣಕಾಲು ಮುಳುಗಲಿಲ್ಲ. ಇಲ್ಲಿದ್ದವರೆಲ್ಲ ನೋಡಿದ್ದಾರೆ. ನನಗೆ ರಕ್ಷಣೆ ಉಂಟಾ?”

“ಉಂಟು ಬ್ರದರ್.”

“ಮೊಣಕಾಲಿಗೆ?”

“ಪೂರ್ತಿ ನಿಮಗೆ ಉಂಟು. ಮೊಣಕಾಲು ಏನು, ಬೇರೆ ಏನು.”

“ಹಾಗಾದರೆ ಎಷ್ಟು ನೀರು ಅನ್ನುವುದು ಮುಖ್ಯ ಅಲ್ಲ.”

“ನಂಬಿಕೆ ಮುಖ್ಯ.”

“ನನ್ನ ಹೆಂಡತಿಗೆ ನಂಬಿಕೆ ಇರಲಿಲ್ಲ ಅಂತ ನಿಮಗೆ ಹೇಳಿದವರು ಯಾರು?”

ಭಾವ ಬಿಡಲಿಲ್ಲ. ಒಂದು ಮೊಣಕಾಲು ಒಣಗಿದ್ದರೆ ಆಗ್ತದೆ ಎಂದಾದರೆ ಎರಡು ಒಣಗಿದ್ದರೂ ಆಗ್ತದೆ. ಎರಡು ಆಗ್ತದೆ ಎಂದಾದರೆ ಸೊಂಟದವರೆಗೆ ಒಣಗಿದ್ದರೂ ಆಗ್ತದೆ. ಹಾಗೆ ಏರಿಸಿಕೊಂಡು ಹೋದರೆ ತಲೆಗೆ ಬಿದ್ದ ಮೂರು ಚಮಚ ನೀರು ಯಾಕೆ ಆಗುವುದಿಲ್ಲ, ಎಲ್ಲಿ ಗೆರೆ ಎಳೆಯುತ್ತೀರಿ, ತೋರಿಸಿ ಎಂದು ಟೇಪು ತೆಗೆದು ಪಾಸ್ಟರ ಕೈಗೆ ಕೊಟ್ಟರಂತೆ. “ಇದು ದುರ್ಬೋಧನೆ, ಇದನ್ನು ಕೇಳುವುದೂ ಪಾಪ,” ಎಂದು ಪಾಸ್ಟರ್ ತೀರ್ಪು ಕೊಟ್ಟರು. ಎರಡನೆಯ ಸಲ ಭಾವ ಪಾಷಂಡಿಯಾದರು.

ಹೇಳಿದವರು ಕೊನೆಗೆ ನನ್ನನ್ನೇ ನೋಡಿ, “ಎಲ್ಲದಕ್ಕೂ ಆ ತೊಟ್ಟಿ ಕಾರಣ,” ಎಂದರು. ನಾನು ಕರಣೆ ಕೆಳಗಿಟ್ಟೆ. ನನ್ನ ಕೆಲಸದಲ್ಲಿ ತಪ್ಪು ಹಿಡಿದವರಿಗೆ ನಾನು ಸುಮ್ಮನಿದ್ದದ್ದು ಅದೇ ಮೊದಲು. ಇನ್ನೊಂದಡಿ ಉದ್ದ ಕಟ್ಟಿದ್ದರೆ ಭಾವ ಪೂರ್ತಿ ಮುಳುಗುತ್ತಿದ್ದರು. ಪೂರ್ತಿ ಮುಳುಗಿದ್ದರೆ ನನ್ನ ಅಕ್ಕನ ಪರವಾಗಿ ಆಡಲು ಅವರ ಹತ್ತಿರ ಒಂದು ಮಾತೂ ಇರುತ್ತಿರಲಿಲ್ಲ. ಆ ಸಂಜೆ ನಾನು ಬಂಟ್ವಾಳದ ಬಸ್ಸು ಹತ್ತಿದೆ. ಭಾವ ಬಾಗಿಲು ತೆಗೆದು, “ಚಹಾಕ್ಕೆ ಹಾಲಿಲ್ಲ,” ಎಂದರು. ಹಾಲಿಲ್ಲದ ಚಹಾ ಕುಡಿದೆವು. ನಾಲ್ಕು ತಿಂಗಳಿನ ಮಾತು ಇಬ್ಬರೂ ಎತ್ತಲಿಲ್ಲ.

ಮೂರನೆಯ ಸಭೆ ಮೂಡುಬಿದಿರೆಯದ್ದು. ಅವರು ನೀರಿನ ವಿಷಯದಲ್ಲಿ ಅಷ್ಟು ಬಿಗಿ ಇಲ್ಲ ಎಂದು ಯಾರೋ ಹೇಳಿದ್ದರಿಂದ ಭಾವ ಹೋದರು. ನೀರಿನಲ್ಲಿ ಬಿಗಿ ಇರಲಿಲ್ಲ, ನಿಜ. ಆದರೆ ಸಿಕ್ಕಿದ ರಕ್ಷಣೆ ಒಂದೇ ಒಂದು ಪಾಪದಿಂದ ಕಳೆದುಹೋಗುತ್ತದೆ, ಮತ್ತೆ ಅತ್ತು ಬೇಡಿ ಪಡೆಯಬೇಕು ಎಂದು ಅವರ ಬೋಧನೆ. ಭಾವ ಪ್ರತಿ ಭಾನುವಾರ ಮೂಡುಬಿದಿರೆಯಲ್ಲಿ ಅತ್ತು ರಕ್ಷಣೆ ಪಡೆದು ಬಸ್ಸು ಹತ್ತುತ್ತಿದ್ದರು. ಕಂಡಕ್ಟರ್, “ಹಿಂದೆ ಹೋಗಿ, ಹಿಂದೆ ಖಾಲಿ ಉಂಟು,” ಎನ್ನುತ್ತಿದ್ದ. ಹಿಂದೆ ಖಾಲಿ ಇರುತ್ತಿರಲಿಲ್ಲ. ಭಾವನಿಗೆ ಸಿಟ್ಟು ಬರುತ್ತಿತ್ತು. ಹೀಗಾಗಿ ಮೂಡುಬಿದಿರೆಯಲ್ಲಿ ಸಿಕ್ಕಿದ ರಕ್ಷಣೆ ಸಿದ್ದಕಟ್ಟೆ ಮುಟ್ಟುವಾಗ ಹೋಗಿರುತ್ತಿತ್ತು!

“ಬಂಟ್ವಾಳದವರೆಗೆ ಬಾಳಿಕೆ ಬರುವ ರಕ್ಷಣೆ ಇಲ್ಲವಾ ಭಾವ?” ಎಂದು ನಾನು ಕೇಳಿದೆ.

“ಸೀಟು ಸಿಕ್ಕಿದರೆ ಬರ್ತದೆ,” ಎಂದರು.

ಅಲ್ಲಿಯೂ ಅವರು ಹಿರಿಯರ ಹತ್ತಿರ ಕೇಳಿದ್ದು ಒಂದೇ. ಹೆಂಡತಿಯ ವಿಷಯ. ಹಿರಿಯರು, ಕೊನೆಯವರೆಗೂ ಜಪಸರ ಹಿಡಿದಿದ್ದವಳಲ್ಲವೇ, ಅದು ವಿಗ್ರಹಾರಾಧನೆ, ಆಸೆ ಇಟ್ಟುಕೊಳ್ಳಬೇಡಿ ಎಂದರಂತೆ. “ಅವಳು ಆ ಜಪಸರದಲ್ಲಿ ಬೇಡಿದ್ದು ನನ್ನ ಕೆಮ್ಮು ಗುಣವಾಗಲಿ ಅಂತ,” ಎಂದು ಭಾವ ಅಲ್ಲಿ ನಿಂತು ಕೂಗಾಡಿದರು. “ಬೇಡಿದ್ದು ಯಾರಿಗೆ ತಲುಪಿತು ಅಂತ ನನಗೆ ಗೊತ್ತಿಲ್ಲ. ಕೆಮ್ಮು ಗುಣ ಆಗಿದೆ.” ಮೂರನೆಯ ಸಲ ಹೊರಗೆ.

ಆಮೇಲೆ ಜಗಲಿಯ ಸಭೆ. ಸದಸ್ಯರು ಮೂವರು: ಭಾವ, ಪಕ್ಕದ ಓಣಿಯ ನಿವೃತ್ತ ಪೋಸ್ಟ್‌ಮ್ಯಾನ್, ಅವರ ಹೆಂಡತಿ. ಎಲ್ಲ ವಿಷಯವನ್ನೂ ಕೈ ಎತ್ತಿ ತೀರ್ಮಾನಿಸುವುದು ಎಂದು ಭಾವನೇ ನಿಯಮ ಮಾಡಿದರು. ಎರಡು ತಿಂಗಳು ಚೆನ್ನಾಗಿ ನಡೆಯಿತು. ಒಂದು ಭಾನುವಾರ ಭಾವ ಬಹಳ ದಿನ ಓದಿ ತಯಾರಿಸಿದ ಹೊಸ ಬೋಧನೆಯನ್ನು ಮುಂದಿಟ್ಟರು. ಗಂಡ ಹೆಂಡಿರಲ್ಲಿ ಒಬ್ಬರಿಗೆ ರಕ್ಷಣೆ ಸಿಕ್ಕಿದರೆ ಅದು ಇನ್ನೊಬ್ಬರಿಗೂ ಸಲ್ಲುತ್ತದೆ.

ಪೋಸ್ಟ್‌ಮ್ಯಾನರ ಹೆಂಡತಿ ತಲೆ ಎತ್ತಿದರು. “ಅಂದರೆ ನಾನು ಇಷ್ಟು ವರ್ಷ ಉಪವಾಸ ಮಾಡಿದ್ದರ ಮೇಲೆ ಈ ಮನುಷ್ಯ ಸ್ವರ್ಗಕ್ಕೆ ಬರುವುದಾ?”

“ಬರ್ತಾರೆ,” ಎಂದರು ಭಾವ ಉತ್ಸಾಹದಿಂದ. “ಅಲ್ಲಿಯೂ ಒಟ್ಟಿಗೇ ಇರ್ತೀರಿ.”

“ಅಲ್ಲಿಯೂ?” ಎಂದರು ಪೋಸ್ಟ್‌ಮ್ಯಾನ್.

ಗಂಡ ಹೆಂಡತಿ ಯಾವ ವಿಷಯದಲ್ಲಿಯೂ ಅಷ್ಟು ಬೇಗ ಒಮ್ಮತಕ್ಕೆ ಬಂದದ್ದಿಲ್ಲವಂತೆ. ಇದು ಪಾಷಂಡವಾದ ಎಂದು ಇಬ್ಬರೂ ಕೈ ಎತ್ತಿದರು. ಎರಡಕ್ಕೆ ಒಂದು. ಭಾವ ಮಾಡಿದ ನಿಯಮದ ಪ್ರಕಾರ ಭಾವ ಹೊರಗೆ ಹೋಗಬೇಕು. ಆದರೆ ಮನೆ ಅವರದ್ದು! ಕೊನೆಗೆ ಅವರು ಅಡು‌ಗೆ‌ಕೋಣೆಗೆ ಹೋಗಿ ಕೂತರು. ಜಗಲಿಯಲ್ಲಿ ಅವರಿಬ್ಬರು ಪ್ರಾರ್ಥನೆ ಮುಗಿಸಿ ಹೋಗುವವರೆಗೆ ಒಳಗಿನಿಂದ ಕೆಮ್ಮಲೂ ಇಲ್ಲ. ಇದನ್ನು ನನಗೆ ಹೇಳುವಾಗ ಭಾವ ನಗಲಿಲ್ಲ. ನಾನು ನಕ್ಕೆ. ನಕ್ಕು ಮುಗಿದ ಮೇಲೆ ಆ ಅಡುಗೆಕೋಣೆ ಕಣ್ಣ ಮುಂದೆ ಬಂತು. ಒಂದೇ ಬಟ್ಟಲು, ಒಂದೇ ಲೋಟ, ಬಾಗಿಲ ಹಿಂದೆ ಆರಡಿಯ ಒಬ್ಬ ಮನುಷ್ಯ.

ಈಗ ಅವರು ಯಾವ ಸಭೆಗೂ ಹೋಗುವುದಿಲ್ಲ. ಭಾನುವಾರ ನಾನು ಪೂಜೆ ಮುಗಿಸಿ ಬರುವಷ್ಟರಲ್ಲಿ ಮಡಂತ್ಯಾರಿಗೆ ಬಂದು ನನ್ನ ಜಗಲಿಯಲ್ಲಿ ಕೂತಿರುತ್ತಾರೆ. “ಇವತ್ತು ಫಾದರ್ ಏನು ಹೇಳಿದರು?” ನಾನು ಹೇಳುತ್ತೇನೆ. “ತಪ್ಪು,” ಎನ್ನುತ್ತಾರೆ. ಮಧ್ಯಾಹ್ನದವರೆಗೆ ವಾದ. ನನಗೆ ವಾದ ಬರುವುದಿಲ್ಲ. ಸುಮ್ಮನೆ ಎದುರು ಹೇಳುತ್ತೇನೆ. ಎದುರು ಹೇಳದಿದ್ದರೆ ಅವರು ಬೇಗ ಎದ್ದು ಹೋಗುತ್ತಾರೆ. ಆಮೇಲೆ ಭಾನುವಾರದ ಮಧ್ಯಾಹ್ನ ಬಹಳ ಉದ್ದವಾಗುತ್ತದೆ.

ಕಳೆದ ನವೆಂಬರಿನ ಮೂರನೆಯ ತಾರೀಕು ನಾನು ಅಕ್ಕನ ಸಮಾಧಿಯ ಹತ್ತಿರ ಹೋಗಿದ್ದೆ. ಎರಡನೆಯ ತಾರೀಕು ನಮ್ಮಲ್ಲಿ ಮೃತರ ದಿನ. ಊರಿಗೆ ಊರೇ ಸ್ಮಶಾನದಲ್ಲಿ ಸೇರುತ್ತದೆ, ಸಮಾಧಿಗಳಿಗೆ ಹೂವು, ಮೇಣದ ಬತ್ತಿ, ಫಾದರ್ ಬಂದು ಆಶೀರ್ವದಿಸುತ್ತಾರೆ. ಆ ದಿನ ನೂಕುನುಗ್ಗಲಿನಲ್ಲಿ ಅಕ್ಕನ ಸಮಾಧಿಯ ಅಂಚಿನ ಕಲ್ಲು ಅಲುಗಾಡಿದ್ದನ್ನು ನೋಡಿದ್ದೆ. ಮರುದಿನ ಮಧ್ಯಾಹ್ನ ಸ್ವಲ್ಪ ಸಿಮೆಂಟು ಹಿಡಿದುಕೊಂಡು ಹೋದೆ. ಯಾರೂ ಇರಲಿಲ್ಲ. ಕರಗಿದ ಮೇಣ, ಬಾಡಿದ ಸೇವಂತಿಗೆ. ಸಮಾಧಿಯ ಹತ್ತಿರ ಭಾವ ನಿಂತಿದ್ದರು.

“ಕಲ್ಲು ಅಲ್ಲಾಡ್ತದೆ,” ಎಂದರು, ಅದನ್ನು ಹೇಳಲಿಕ್ಕೇ ಬಂದವರ ಹಾಗೆ.

“ಗೊತ್ತುಂಟು. ಅದಕ್ಕೇ ಬಂದದ್ದು.”

ನಾನು ಕೂತು ಕಲ್ಲು ಎತ್ತಿದೆ. ಭಾವ ಮೇಲಿನಿಂದ ನೋಡುತ್ತಿದ್ದರು.

“ನಿನ್ನ ಪ್ರಕಾರ ಅವಳು ಎಲ್ಲಿದ್ದಾಳೆ?”

“ಸ್ವರ್ಗದಲ್ಲಿ. ಮತ್ತೆಲ್ಲಿ?”

“ನಿಮ್ಮ ಇಗರ್ಜಿಯ ಪ್ರಕಾರ ನಾನು ಪಾಷಂಡಿ. ನಾನು ಎಲ್ಲಿಗೆ ಹೋಗ್ತೇನೆ?”

ನಾನು ಸಿಮೆಂಟು ಕಲಸುತ್ತಾ ಇದ್ದೆ. ಅದು ಕಲಸಿ ಆಗಿತ್ತು. ಆದರೂ ಕಲಸಿದೆ.

“ನಿಮ್ಮದು ಸರಿ ಅಂತಾದರೆ ಅವಳು ಅಲ್ಲಿ ಇರ್ತಾಳೆ, ನಾನು ಇರುವುದಿಲ್ಲ,” ಎಂದರು ಭಾವ. “ನನ್ನನ್ನು ಮುಳುಗಿಸಿದವರದ್ದು ಸರಿ ಅಂತಾದರೆ ನಾನು ಇರ್ತೇನೆ, ಅವಳು ಇರುವುದಿಲ್ಲ. ಎಷ್ಟು ಓದಿದೆ, ಎಷ್ಟು ಜನರ ಹತ್ತಿರ ಬೈಸಿಕೊಂಡೆ. ನಾವು ಇಬ್ಬರೂ ಒಳಗೆ ಹಿಡಿಸುವಂಥ ಒಂದು ಬೋಧನೆ ಎಲ್ಲಿಯೂ ಸಿಗಲಿಲ್ಲ ಮಾರಾಯ.”

ಕಲ್ಲು ಕೂರಿಸಿದೆ. ಕೈ ಒರಸಿಕೊಂಡೆ. ಅಷ್ಟು ಓದಿದವರಿಗೆ ಸಿಗದ್ದು ಏಳನೆಯ ತರಗತಿಯವನಿಗೆ ಎಲ್ಲಿಂದ ಸಿಗಬೇಕು?

“ನೀನು ಹೇಗೂ ಪ್ರಾರ್ಥನೆ ಹೇಳ್ತೀಯಲ್ಲ,” ಎಂದರು ಭಾವ ಬೇರೆ ಕಡೆ ನೋಡುತ್ತಾ. “ಹೇಳು. ನಾನು ಹೇಳುವುದಿಲ್ಲ. ಸುಮ್ಮನೆ ನಿಲ್ತೇನೆ.”

ಅಮ್ಮ ಕಲಿಸಿದ ಸಣ್ಣ ಪ್ರಾರ್ಥನೆಯೊಂದುಂಟು, ಸತ್ತವರಿಗೆ ನಿತ್ಯ ವಿಶ್ರಾಂತಿ ಬೇಡುವುದು. ಅಕ್ಕನ ಹೆಸರು ಸೇರಿಸಿ ಅದನ್ನು ಕೊಂಕಣಿಯಲ್ಲಿ ಹೇಳಿದೆ. ಕೊನೆಗೆ ಆಮೆನ್ ಎಂದೆ. ನನ್ನ ಬೆನ್ನ ಹಿಂದೆ ಇನ್ನೊಂದು ಆಮೆನ್ ಕೇಳಿತು, ನನ್ನದಕ್ಕಿಂತ ಗಟ್ಟಿಯಾಗಿ. ತಿರುಗಿ ನೋಡಿದೆ.

“ಆಮೆನ್ ಪ್ರಾರ್ಥನೆ ಅಲ್ಲ,” ಎಂದರು ಭಾವ. “ಒಪ್ಪಿಗೆ ಮಾತ್ರ.” ಆಮೇಲೆ, “ಇನ್ನೊಮ್ಮೆ ಹೇಳು. ಬೇಗ ಬೇಗ ಹೇಳಬೇಡ,” ಎಂದರು.

ಇನ್ನೊಮ್ಮೆ ಹೇಳಿದೆ. ಈ ಸಲ ಅಕ್ಕನ ಹೆಸರಿನ ಪಕ್ಕದಲ್ಲಿ ಭಾವನ ಹೆಸರನ್ನೂ ಸೇರಿಸಿದೆ. ಸತ್ತವರ ಪ್ರಾರ್ಥನೆಯಲ್ಲಿ ಜೀವ ಇರುವವರ ಹೆಸರು ಹೇಳುವುದು ತಪ್ಪು. ನನ್ನ ಇಗರ್ಜಿಯಲ್ಲಿಯೂ ತಪ್ಪು, ಅವರ ಉಳಿದ ಮೂರು ಸಭೆಗಳಲ್ಲಿಯೂ ತಪ್ಪು. ಭಾವ ತಿದ್ದಲಿಲ್ಲ.